ಡಾಕ್‌ಬುಕ್ ಕೈಪಿಡಿಯ ಪದಸೂಚಿ ಕೊಂಡಿಗಳನ್ನು ಸರಿಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನ ಅಧಿಕೃತ ಕೈಪಿಡಿಯ ಮೂಲ ಕಡತಗಳು ಡಾಕ್‌ಬುಕ್ 4.5ರಲ್ಲಿವೆ. ಡಾಕ್‌ಬುಕ್ ಎಂದರೆ ತಾಂತ್ರಿಕ ಪುಸ್ತಕಗಳನ್ನು ಟ್ಯಾಗ್‌ಗಳಲ್ಲಿ ಬರೆಯುವ ಪದ್ಧತಿ. ಕೈಪಿಡಿಯ ಕೊನೆಯಲ್ಲಿ ದೊಡ್ಡದೊಂದು ಪದಸೂಚಿ ಇದೆ. ಈ ಪುಟದ ಹೆಚ್ಚಿನ ಉದಾಹರಣೆಗಳು ಅಲ್ಲಿಂದಲೇ ಬಂದಿವೆ, ಆದರೆ ಉತ್ತರಗಳು ಡಾಕ್‌ಬುಕ್ ಬಳಸುವ ಯಾವುದೇ ಕೈಪಿಡಿಗೂ ಹೊಂದುತ್ತವೆ. ಟ್ಯಾಗ್‌ಗಳ ಮತ್ತು ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಕಡತದಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಿ.

ಪದಸೂಚಿಯ ಪುಟವನ್ನೇ ತೆರೆದು ಕೊಂಡಿ ತಿದ್ದಿದರೆ ಸಾಲದೆ?

ಸಾಲದು. ಬುಕ್‌ಇಂಡೆಕ್ಸ್ ಎಂಬ ಎಚ್‌ಟಿಎಂಎಲ್ ಪುಟ ಪ್ರತಿ ಬಿಲ್ಡ್‌ನಲ್ಲೂ, ಅಂದರೆ ಮೂಲ ಕಡತಗಳಿಂದ ಪುಟಗಳನ್ನು ತಯಾರಿಸಿದಾಗಲೆಲ್ಲ, ಹೊಸದಾಗಿ ಹುಟ್ಟುತ್ತದೆ, ಕೈಯಾರೆ ತಿದ್ದಿದ್ದು ಮುಂದಿನ ಬಿಲ್ಡ್‌ನಲ್ಲಿ ಅಳಿಸಿಹೋಗುತ್ತದೆ. ನಿಜವಾದ ನಮೂದುಗಳು ಅಧ್ಯಾಯಗಳ ಒಳಗೆ ಚದುರಿಕೊಂಡಿವೆ. ಪ್ರತಿಯೊಂದೂ ಒಂದು ಇಂಡೆಕ್ಸ್‌ಟರ್ಮ್ ಟ್ಯಾಗ್. ಅದರೊಳಗೆ ಪ್ರೈಮರಿ, ಬೇಕಿದ್ದರೆ ಸೆಕೆಂಡರಿ ಮತ್ತು ಟರ್ಷಿಯರಿ ಇರುತ್ತವೆ. ಮೂಲ ಕಡತಗಳನ್ನು ಪುಟಗಳಾಗಿ ಪರಿವರ್ತಿಸುವ ಎಕ್ಸ್‌ಎಸ್‌ಎಲ್ ಸ್ಟೈಲ್‌ಶೀಟ್ ಇಡೀ ಪುಸ್ತಕ ಓದಿ, ಈ ಟ್ಯಾಗ್‌ಗಳನ್ನು ಒಟ್ಟುಗೂಡಿಸಿ, ಅಕಾರಾದಿಯಾಗಿ ಜೋಡಿಸಿ ಪುಟ ಮಾಡುತ್ತದೆ. ತಿದ್ದಬೇಕಾದ್ದು ಆ ಟ್ಯಾಗ್‌ಗಳನ್ನು.

ಪೋಸ್ಟ್‌ಗ್ರೆಸ್‌ನಲ್ಲಿ ಈ ಕಡತಗಳು ಡಾಕ್, ಎಸ್‌ಆರ್‌ಸಿ, ಎಸ್‌ಜಿಎಂಎಲ್ ಎಂಬ ಕೋಶಸರಣಿಯಲ್ಲಿವೆ. ಕಡತಗಳ ಹೆಸರು ಇಂದಿಗೂ ಎಸ್‌ಜಿಎಂಎಲ್ ಎಂದೇ ಮುಗಿದರೂ 11ನೇ ಆವೃತ್ತಿಯಿಂದ ಒಳಗಿರುವುದು ಎಕ್ಸ್‌ಎಂಎಲ್. ಹಾಗಾಗಿ ಮುಚ್ಚುವ ಟ್ಯಾಗ್ ಬಿಡುವ, ಅದನ್ನು ಮೊಟಕುಗೊಳಿಸುವ ಹಳೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಕೊಂಡಿ ಒತ್ತಿದರೆ ವಿಭಾಗದ ತಲೆಬರಹಕ್ಕೆ ಹೋಗುತ್ತದೆ, ಪದ ಇರುವ ಸಾಲಿಗೆ ಹೋಗುವುದಿಲ್ಲ. ಇದು ದೋಷವೆ?

ಅಲ್ಲ, ಇದು ಡಾಕ್‌ಬುಕ್ ಸ್ಟೈಲ್‌ಶೀಟಿನ ಪೂರ್ವನಿಯೋಜಿತ ನಡವಳಿಕೆ. ಇಂಡೆಕ್ಸ್ ಡಾಟ್ ಲಿಂಕ್ಸ್ ಡಾಟ್ ಟು ಡಾಟ್ ಸೆಕ್ಷನ್ ಎಂಬ ನಿಯತಾಂಕದ ಬೆಲೆ ಮೊದಲಿಗೆ 1 ಇರುತ್ತದೆ. ಆಗ ಕೊಂಡಿ ಆ ಪದ ಇರುವ ವಿಭಾಗದ ತಲೆಬರಹಕ್ಕೆ ಹೋಗುತ್ತದೆ. ಒಂದೇ ವಿಭಾಗದಲ್ಲಿ ಅದೇ ಪದ 3 ಸಲ ಬಂದಿದ್ದರೂ ಸೂಚಿಯಲ್ಲಿ ಒಂದೇ ಕೊಂಡಿ ಕಾಣುತ್ತದೆ. ಬೆಲೆಯನ್ನು 0 ಮಾಡಿದರೆ ಕೊಂಡಿ ಇಂಡೆಕ್ಸ್‌ಟರ್ಮ್ ಇರುವ ಜಾಗಕ್ಕೇ ಇಳಿಯುತ್ತದೆ.

0 ಮಾಡುವ ಮೊದಲು ಯೋಚಿಸಿ. ಎರಡೂ ಸಂದರ್ಭದಲ್ಲಿ ಕೊಂಡಿಯ ಮೇಲೆ ಕಾಣುವ ಪಠ್ಯ ವಿಭಾಗದ ತಲೆಬರಹವೇ. ಹಾಗಾಗಿ ಒಂದೇ ತಲೆಬರಹ ಒಂದರ ಪಕ್ಕ ಒಂದರಂತೆ 3 ಸಲ ಕಾಣಿಸುತ್ತದೆ, ಯಾವುದು ಎಲ್ಲಿಗೆ ಹೋಗುತ್ತದೆಂದು ಓದುಗರಿಗೆ ತಿಳಿಯುವುದಿಲ್ಲ. ಒತ್ತಿದ ಮೇಲೂ ಪುಟದ ನಡುವೆ ಎಲ್ಲೋ ಇಳಿಯುತ್ತಾರೆ, ತಲೆಬರಹ ಪರದೆಯ ಮೇಲಿರುವುದಿಲ್ಲ. ವಿಭಾಗಗಳು ಚಿಕ್ಕದಾಗಿದ್ದರೆ 1 ಬಿಡುವುದೇ ಲೇಸು. ವಿಭಾಗ ಬಹಳ ಉದ್ದವಾಗಿದ್ದು, ಒಳಗಿನ ಕೋಷ್ಟಕವೊಂದಕ್ಕೇ ಓದುಗರನ್ನು ಒಯ್ಯಬೇಕಿದ್ದರೆ ಇಡೀ ಪುಸ್ತಕದ ನಿಯತಾಂಕ ಬದಲಿಸಬೇಡಿ. ಕೋಷ್ಟಕಕ್ಕೆ ಒಂದು ಐಡಿ ಕೊಟ್ಟು, ಆ ಒಂದು ನಮೂದಿನ ಝೋನ್ (ಕೊಂಡಿಯ ಗುರಿ ಹೇಳುವ) ಗುಣಲಕ್ಷಣದಲ್ಲಿ ಆ ಐಡಿಯನ್ನು ಬರೆಯಿರಿ.

ಕೊಂಡಿ ಸಂಬಂಧವೇ ಇಲ್ಲದ ವಿಭಾಗಕ್ಕೆ ಹೋಗುತ್ತಿದೆ. ಆದರೂ ಬಿಲ್ಡ್ ಯಾವ ದೂರೂ ಹೇಳುತ್ತಿಲ್ಲ. ಏಕೆ?

ಮೊದಲು ಝೋನ್ ನೋಡಿ. ಈ ಬಗೆಯ ತಪ್ಪುಗಳ ಮೂಲ ಬಹುಪಾಲು ಅಲ್ಲಿಯೇ ಇರುತ್ತದೆ.

ಝೋನ್ ಇಲ್ಲದ ಇಂಡೆಕ್ಸ್‌ಟರ್ಮ್ ತಾನಿರುವ ವಿಭಾಗವನ್ನೇ ತೋರಿಸುತ್ತದೆ. ಝೋನ್ ಇದ್ದರೆ ತಾನೆಲ್ಲಿದ್ದೇನೆ ಎಂಬುದನ್ನು ಬಿಟ್ಟು ಝೋನ್ ಹೇಳಿದ ಐಡಿಯನ್ನು ತೋರಿಸುತ್ತದೆ. ಪೋಸ್ಟ್‌ಗ್ರೆಸ್ ಕೈಪಿಡಿಯಲ್ಲಿ ವಿಭಾಗದ ತಲೆಬರಹದ ಕೆಳಗೇ ಅದೇ ವಿಭಾಗದ ಐಡಿಯನ್ನು ಝೋನ್ ಆಗಿ ಕೊಡುವ ರೂಢಿ ಇದೆ: ಡಿಡಿಎಲ್-ಕನ್‌ಸ್ಟ್ರೇಂಟ್ಸ್ ಎಂಬ ಐಡಿಯ ವಿಭಾಗದೊಳಗೆ ಡಿಡಿಎಲ್-ಕನ್‌ಸ್ಟ್ರೇಂಟ್ಸ್ ಎಂಬುದೇ ಝೋನ್. ಹೊಸ ವಿಭಾಗ ಬರೆಯುವವರು ಹಳೆಯದೊಂದನ್ನು ನಕಲು ಮಾಡಿಕೊಂಡು, ತಲೆಬರಹ, ಐಡಿ, ಪ್ರೈಮರಿ ಎಲ್ಲ ಬದಲಿಸಿ ಝೋನ್ ಮರೆತರೆ ಹೊಸ ಪದ ಹಳೆಯ ವಿಭಾಗಕ್ಕೆ ಕೊಂಡಿಯಾಗುತ್ತದೆ. ಹಳೆಯ ಐಡಿ ಪುಸ್ತಕದಲ್ಲಿ ಇದ್ದೇ ಇದೆ. ಆದ್ದರಿಂದ ಕಡತದ ಸಿಂಧುತ್ವ ಪರೀಕ್ಷಿಸುವ ಸಾಧನವಾದ ಎಕ್ಸ್‌ಎಂಎಲ್‌ಲಿಂಟ್‌ನ ಕಣ್ಣಿಗೆ ಕಡತ ಪೂರ್ತಿ ಸಿಂಧು. ಐಡಿ ಇದೆಯೇ ಎಂದಷ್ಟೇ ಅದು ನೋಡುತ್ತದೆ, ಸರಿಯಾದ ಐಡಿಯೇ ಎಂದು ನೋಡಲಾರದು.

ದೊಡ್ಡ ವಿಭಾಗವನ್ನು ಎರಡಾಗಿ ಒಡೆದಾಗಲೂ ಇದೇ ಆಗುತ್ತದೆ. ಪದದ ವಿವರಣೆ ಹೊಸ ವಿಭಾಗಕ್ಕೆ ಹೋಗಿರುತ್ತದೆ, ಝೋನ್ ಮಾತ್ರ ಹಳೆಯದರ ಮೇಲೇ ನಿಂತಿರುತ್ತದೆ.

ತಿದ್ದುವಾಗ ನಮ್ಮ ಸಲಹೆ: ಟ್ಯಾಗ್ ತನ್ನ ವಿಭಾಗದೊಳಗೇ ಇದ್ದರೆ ಹೆಚ್ಚಿನ ಕಡೆ ಝೋನ್ ಬೇಕಾಗಿಯೇ ಇಲ್ಲ, ತೆಗೆದುಬಿಡಿ. ಸುತ್ತಲಿನ ಕಡತವೆಲ್ಲ ಝೋನ್ ರೂಢಿಯಲ್ಲಿದ್ದರೆ ಮಾತ್ರ ಆ ರೂಢಿ ಉಳಿಸಿ, ಬೆಲೆ ಸರಿಪಡಿಸಿ.

ಇಂಥ ತಪ್ಪು ಝೋನ್‌ಗಳನ್ನೆಲ್ಲ ಒಮ್ಮೆಲೇ ಹುಡುಕಲು ಆಗುತ್ತದೆಯೆ?

ಆಗುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಅಂಶಗಳನ್ನು ಹುಡುಕುವ ಭಾಷೆಯಾದ ಎಕ್ಸ್‌ಪಾತ್‌ನಲ್ಲಿ ಹೀಗೆ ಕೇಳಿ: ಝೋನ್ ಗುಣಲಕ್ಷಣ ಇರುವ, ಆದರೆ ಆ ಝೋನ್ ತನ್ನನ್ನು ಸುತ್ತುವರಿದ ಯಾವ ಅಂಶದ ಐಡಿಗೂ ಸಮವಲ್ಲದ ಇಂಡೆಕ್ಸ್‌ಟರ್ಮ್‌ಗಳು ಯಾವುವು? ಆನ್ಸೆಸ್ಟರ್ ಅಕ್ಷವನ್ನು ಬಳಸಿದರೆ ಒಂದೇ ಸಾಲಿನ ಪ್ರಶ್ನೆ. ಎಕ್ಸ್‌ಎಂಎಲ್‌ಲಿಂಟ್‌ಗೆ ಪುಸ್ತಕದ ಮುಖ್ಯ ಕಡತ, ಅಂದರೆ ಪೋಸ್ಟ್‌ಗ್ರೆಸ್ ಡಾಟ್ ಎಸ್‌ಜಿಎಂಎಲ್, ಕೊಟ್ಟು ಎಕ್ಸ್‌ಪಾತ್ ಆಯ್ಕೆಯ ಜೊತೆ ನೋಎಂಟ್ ಆಯ್ಕೆಯನ್ನೂ ಸೇರಿಸಿ. ಅಧ್ಯಾಯಗಳು ಎಂಟಿಟಿಗಳಾಗಿ, ಅಂದರೆ ಬೇರೆ ಕಡತದ ಪಠ್ಯಕ್ಕೆ ಇಟ್ಟ ಹೆಸರುಗಳಾಗಿ, ಒಳಬರುವುದರಿಂದ ನೋಎಂಟ್ ಇಲ್ಲದಿದ್ದರೆ ಅವು ಬಿಚ್ಚಿಕೊಳ್ಳುವುದಿಲ್ಲ.

ಬಂದ ಪಟ್ಟಿಯೆಲ್ಲವೂ ತಪ್ಪಲ್ಲ. ಝೋನ್‌ನಲ್ಲಿ ಜಾಗ ಬಿಟ್ಟು ಎರಡು ಐಡಿ ಬರೆಯಬಹುದು, ಆಗ ಒಂದೇ ಟ್ಯಾಗ್‌ನಿಂದ ಎರಡು ಕೊಂಡಿಗಳು ಹುಟ್ಟುತ್ತವೆ. ಅಂಥವೂ, ಬೇಕೆಂದೇ ಕೋಷ್ಟಕದ ಕಡೆ ತೋರಿಸಿದವೂ ಪಟ್ಟಿಯಲ್ಲಿ ಬರುತ್ತವೆ. ಒಂದೊಂದನ್ನೂ ಕಣ್ಣಿಂದ ನೋಡಿಯೇ ತೀರ್ಮಾನಿಸಬೇಕು.

ಒಂದೇ ಪದ ಸೂಚಿಯಲ್ಲಿ ಎರಡು ಸಲ ಬಂದು ಕೊಂಡಿಗಳು ಹಂಚಿಹೋಗಿವೆ. ಒಂದುಗೂಡಿಸುವುದು ಹೇಗೆ?

ಸ್ಟೈಲ್‌ಶೀಟ್ ಪ್ರೈಮರಿ ಪಠ್ಯವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಪಠ್ಯದೊಳಗಿನ ಸಾಲುಮುರಿತ, ಟ್ಯಾಬ್, ಹೆಚ್ಚುವರಿ ಸ್ಪೇಸ್ ಇವನ್ನು ಅದೇ ಸರಿಮಾಡಿಕೊಳ್ಳುತ್ತದೆ. ಉಳಿದ ಯಾವ ವ್ಯತ್ಯಾಸವನ್ನೂ ಮನ್ನಿಸುವುದಿಲ್ಲ. ಎರಡು ನಮೂದು ಆಗುವ ಕಾರಣಗಳು ಇವು.

ದೊಡ್ಡಕ್ಷರ, ಸಣ್ಣಕ್ಷರ: ಟ್ರಿಗರ್ ಎಂಬ ಪದ ಒಂದೆಡೆ ದೊಡ್ಡಕ್ಷರದಿಂದ, ಇನ್ನೊಂದೆಡೆ ಸಣ್ಣಕ್ಷರದಿಂದ ಶುರುವಾಗಿದ್ದರೆ ಎರಡು ನಮೂದು.

ಏಕವಚನ, ಬಹುವಚನ: ಇದಕ್ಕೆ ತಾಂತ್ರಿಕ ಪರಿಹಾರವಿಲ್ಲ, ಪುಸ್ತಕದ ರೂಢಿ ಯಾವುದೆಂದು ನೋಡಿ ಅದಕ್ಕೆ ಹೊಂದಿಸಿ. ಪೋಸ್ಟ್‌ಗ್ರೆಸ್‌ನ ಸಂರಚನಾ ನಿಯತಾಂಕಗಳ ನಮೂದುಗಳೆಲ್ಲ ಒಂದೇ ಅಚ್ಚಿನಲ್ಲಿವೆ: ಮೊದಲು ವಾರ್‌ನೇಮ್ ಟ್ಯಾಗ್‌ನಲ್ಲಿ ನಿಯತಾಂಕದ ಹೆಸರು, ಆಮೇಲೆ ಕಾನ್ಫಿಗರೇಷನ್ ಪ್ಯಾರಾಮೀಟರ್ ಎಂಬ ಎರಡು ಪದ. ವರ್ಕ್_ಮೆಮ್‌ಗೆ ಹೊಸ ನಮೂದು ಸೇರಿಸುವವರು ಬರಿ ಹೆಸರು ಬರೆದರೆ ಅದು ಬೇರೆ ಸಾಲಾಗಿ ನಿಲ್ಲುತ್ತದೆ.

ಸಾರ್ಟ್‌ಆ್ಯಸ್: ಪರದೆಯ ಮೇಲೆ ಎರಡೂ ನಮೂದು ತದ್ರೂಪ ಕಾಣುತ್ತವೆ, ಗ್ರೆಪ್ ಆಜ್ಞೆಯಿಂದ ಹುಡುಕಿದರೂ ಪಠ್ಯ ಒಂದೇ, ಹಾಗಾಗಿ ಇದನ್ನು ಹಿಡಿಯುವುದು ಕಷ್ಟ. ಸಾರ್ಟ್‌ಆ್ಯಸ್ ಗುಣಲಕ್ಷಣ ಇದ್ದರೆ ಗುಂಪು ಮಾಡುವ ಕೀಲಿಯಲ್ಲಿ ಪ್ರೈಮರಿಯ ಪಠ್ಯದ ಬದಲು ಅದರ ಬೆಲೆ ಬಳಕೆಯಾಗುತ್ತದೆ. ಒಂದು ಕಡೆ ಸಾರ್ಟ್‌ಆ್ಯಸ್ ಕೊಟ್ಟು ಇನ್ನೊಂದು ಕಡೆ ಬಿಟ್ಟರೆ ಕೀಲಿಗಳು ಬೇರೆಬೇರೆಯಾಗುತ್ತವೆ. ಕೊಡುವುದಾದರೆ ಆ ಪದದ ಎಲ್ಲ ನಮೂದುಗಳಿಗೂ ಒಂದೇ ಬೆಲೆ ಕೊಡಿ.

ಕಾಣದ ಅಕ್ಷರ: ವೆಬ್ ಪುಟದಿಂದ ಅಂಟಿಸಿದ ಪಠ್ಯದಲ್ಲಿ ನೋ-ಬ್ರೇಕ್ ಸ್ಪೇಸ್ ಬಂದಿರಬಹುದು. ಅದು ಸಾಮಾನ್ಯ ಸ್ಪೇಸ್ ಅಲ್ಲ, ಸ್ಟೈಲ್‌ಶೀಟ್ ಅದನ್ನು ಸರಿಮಾಡುವುದಿಲ್ಲ. ಕಡತದ ಬೈಟ್‌ಗಳನ್ನು ತೋರಿಸುವ ಹೆಕ್ಸ್‌ಡಂಪ್‌ನಲ್ಲಿ ಆ ಸಾಲನ್ನು ನೋಡಿದರೆ ತಿಳಿಯುತ್ತದೆ.

“ನೋಡಿ” ಎಂಬ ಅಡ್ಡ ಉಲ್ಲೇಖ ಎಲ್ಲಿಗೂ ಕೊಂಡಿಯಾಗುತ್ತಿಲ್ಲ. ಏನು ಮಾಡಬೇಕು?

ಟ್ರಾನ್ಸಾಕ್ಷನ್ ಲಾಗ್ ಎಂದು ಹುಡುಕುವವರನ್ನು ಡಬ್ಲ್ಯೂಎಎಲ್ (ರೈಟ್-ಅಹೆಡ್ ಲಾಗ್) ಎಂಬ ನಮೂದಿಗೆ ಕಳಿಸಲು ಸೀ ಟ್ಯಾಗ್ ಬಳಸುತ್ತಾರೆ. ಸೀ ಟ್ಯಾಗ್‌ನ ಪಠ್ಯಕ್ಕೆ ಸರಿಹೊಂದುವ ಪ್ರೈಮರಿ ಪುಸ್ತಕದಲ್ಲಿ ಇರಲೇಬೇಕು, ಮೇಲೆ ಹೇಳಿದ ಕಟ್ಟುನಿಟ್ಟಿನ ಹೋಲಿಕೆಯೇ ಇಲ್ಲೂ. ಯಾರೋ ಗುರಿ ನಮೂದಿನ ಪ್ರೈಮರಿಯನ್ನು ತಿದ್ದಿ, ಅದನ್ನು ತೋರಿಸುತ್ತಿದ್ದ ಸೀ ಟ್ಯಾಗ್‌ಗಳನ್ನು ಬಿಟ್ಟರೆ ಅವು ಅನಾಥವಾಗುತ್ತವೆ. ದೋಷ ಸಂದೇಶ ಬರುವುದಿಲ್ಲ, ಏಕೆಂದರೆ ಸೀ ಒಳಗಿರುವುದು ಬರಿ ಪಠ್ಯ, ಐಡಿ ಅಲ್ಲ. ಪ್ರೈಮರಿ ಬದಲಿಸುವ ಮುನ್ನ ಅದೇ ಪಠ್ಯವನ್ನು ಸೀ ಮತ್ತು ಸೀಆಲ್ಸೋ ಟ್ಯಾಗ್‌ಗಳಲ್ಲಿ ಗಿಟ್ ಗ್ರೆಪ್ ಮಾಡಿ.

ಇನ್ನೆರಡು ಮಾತು. ಒಂದೇ ಇಂಡೆಕ್ಸ್‌ಟರ್ಮ್‌ನಲ್ಲಿ ಸೀ ಮತ್ತು ಸೀಆಲ್ಸೋ ಎರಡನ್ನೂ ಡಾಕ್‌ಬುಕ್ 4.5 ಒಪ್ಪುವುದಿಲ್ಲ. ಜೊತೆಗೆ, ಸೀ ಎಂದರೆ ಇಲ್ಲಿ ಏನೂ ಇಲ್ಲ, ಅಲ್ಲಿಗೆ ಹೋಗಿ ಎಂದರ್ಥ. ಅದೇ ಪದಕ್ಕೆ ಬೇರೆಡೆ ನೇರ ಕೊಂಡಿಯೂ ಇದ್ದರೆ ಸೀ ತೆಗೆದು ಸೀಆಲ್ಸೋ ಹಾಕಿ.

ಇಂಡೆಕ್ಸ್‌ಟರ್ಮ್ ಅನ್ನು ಕಡತದಲ್ಲಿ ನಿಖರವಾಗಿ ಎಲ್ಲಿ ಇಡಬೇಕು?

ಇಡೀ ವಿಭಾಗದ ವಿಷಯವಾದರೆ ಟೈಟಲ್ ಟ್ಯಾಗ್ ಮುಚ್ಚಿದ ಕೂಡಲೇ. ಟೈಟಲ್‌ಗಿಂತ ಮೊದಲು ಇಟ್ಟರೆ ಕಡತ ಅಸಿಂಧು. ಟೈಟಲ್ ಒಳಗೆ ಇಡಬೇಡಿ, ಆ ಪಠ್ಯ ವಿಷಯಸೂಚಿ, ಪುಟದ ತಲೆಪಟ್ಟಿ ಹೀಗೆ ಹಲವೆಡೆ ಮರುಬಳಕೆಯಾಗುತ್ತದೆ. ಒಂದೊಂದು ಆಜ್ಞೆಯ ಉಲ್ಲೇಖ ಪುಟವಾದ ರೆಫ್‌ಎಂಟ್ರಿಯಲ್ಲಿ ಮಾತ್ರ ಕ್ರಮ ಬೇರೆ: ರೆಫ್‌ಮೆಟಾಗಿಂತ ಮೊದಲೇ ಬರಬೇಕು. ಪೋಸ್ಟ್‌ಗ್ರೆಸ್‌ನ ಎಸ್‌ಕ್ಯೂಎಲ್ ಆಜ್ಞೆಗಳ ಪುಟಗಳಲ್ಲಿ ಹಾಗೆಯೇ ಇದೆ.

ವೇರಿಯೆಬಲ್‌ಲಿಸ್ಟ್‌ನಲ್ಲಿ ಟರ್ಮ್ ಟ್ಯಾಗ್‌ನ ಒಳಗೆ, ಕೋಷ್ಟಕದಲ್ಲಿ ಎಂಟ್ರಿ ಅಥವಾ ಅದರೊಳಗಿನ ಪ್ಯಾರಾದ ಒಳಗೆ. ರೋ ಟ್ಯಾಗ್‌ನ ನೇರ ಮಗುವಾಗಿ ಇಟ್ಟರೆ ಸಿಂಧುತ್ವ ಪರೀಕ್ಷೆ ತಳ್ಳಿಹಾಕುತ್ತದೆ.

ಪ್ಯಾರಾದ ನಡುವೆ ಇಡುವಾಗ ಖಾಲಿ ಜಾಗ ಗಮನಿಸಿ. ಪದ, ಹೊಸ ಸಾಲು, ಇಂಡೆಕ್ಸ್‌ಟರ್ಮ್, ಹೊಸ ಸಾಲು, ಅಲ್ಪವಿರಾಮ ಎಂದು ಬರೆದರೆ ಓದುಗರಿಗೆ ಅಲ್ಪವಿರಾಮದ ಹಿಂದೆ ಒಂದು ಸ್ಪೇಸ್ ಕಾಣುತ್ತದೆ. ಪದಕ್ಕೆ ಅಂಟಿಸಿ, ಇಲ್ಲವೇ ಪ್ಯಾರಾದ ಆರಂಭಕ್ಕೆ ಸಾಗಿಸಿ. ಪಿಡಿಎಫ್ ಕೂಡ ತಯಾರಿಸುವ ಪುಸ್ತಕವಾದರೆ ಎರಡು ಪ್ಯಾರಾಗಳ ನಡುವೆ ಬಿಡಿಯಾಗಿ ಬಿಡುವುದೂ ಒಳ್ಳೆಯದಲ್ಲ: ಪುಟ ಅಲ್ಲೇ ಮುರಿದರೆ ಸೂಚಿಯಲ್ಲಿ ಹಿಂದಿನ ಪುಟದ ಸಂಖ್ಯೆ ಬರುತ್ತದೆ.

ವ್ಯಾಪ್ತಿ ತೋರಿಸುವ ನಮೂದುಗಳಲ್ಲಿ ಏನು ಕೆಡುತ್ತದೆ?

ಆರಂಭದ ಟ್ಯಾಗ್‌ಗೆ ಕ್ಲಾಸ್ ಸ್ಟಾರ್ಟ್‌ಆಫ್‌ರೇಂಜ್ ಮತ್ತು ಒಂದು ಐಡಿ, ಕೊನೆಯ ಟ್ಯಾಗ್‌ಗೆ ಕ್ಲಾಸ್ ಎಂಡ್‌ಆಫ್‌ರೇಂಜ್ ಮತ್ತು ಸ್ಟಾರ್ಟ್‌ರೆಫ್‌ನಲ್ಲಿ ಅದೇ ಐಡಿ. ಜೋಡಿಯಲ್ಲಿ ಆರಂಭದ್ದು ಅಳಿಸಿಹೋದರೆ ಎಕ್ಸ್‌ಎಂಎಲ್‌ಲಿಂಟ್ ಗೊತ್ತಿಲ್ಲದ ಐಡಿ ಎಂದು ಹೇಳುತ್ತದೆ. ಕೊನೆಯದು ಅಳಿಸಿಹೋದರೆ ಏನೂ ಹೇಳುವುದಿಲ್ಲ. ಪುಟಸಂಖ್ಯೆಗಳಿಲ್ಲದ ಎಚ್‌ಟಿಎಂಎಲ್‌ನಲ್ಲಿ ವ್ಯಾಪ್ತಿಯಿಂದ ಹೆಚ್ಚಿನ ಲಾಭವಿಲ್ಲ.

ಹಿಂದಿನ ಬಿಲ್ಡ್‌ನಲ್ಲಿ ಕೆಲಸ ಮಾಡುತ್ತಿದ್ದ ಕೊಂಡಿ ಈ ಬಿಲ್ಡ್‌ನಲ್ಲಿ ಪುಟದ ಮೇಲ್ತುದಿಗೆ ಹೋಗುತ್ತಿದೆ, ಸ್ಥಳಕ್ಕೆ ಇಳಿಯುತ್ತಿಲ್ಲ.

ಐಡಿ ಕೊಡದ ಅಂಶಗಳಿಗೆ ಸ್ಟೈಲ್‌ಶೀಟ್ ತಾನೇ ಒಂದು ಐಡಿ ಹುಟ್ಟಿಸುತ್ತದೆ. ಅದು ಪ್ರತಿ ಓಟಕ್ಕೂ ಬದಲಾಗಬಹುದು. ಹೊಸ ಸೂಚಿ ಪುಟವನ್ನು ಮಾತ್ರ ಸರ್ವರ್‌ಗೆ ಹಾಕಿ ಅಧ್ಯಾಯಗಳ ಹಳೆಯ ಪುಟಗಳನ್ನು ಬಿಟ್ಟರೆ ಎರಡೂ ಹೊಂದುವುದಿಲ್ಲ. ಯಾವಾಗಲೂ ಇಡೀ ಎಚ್‌ಟಿಎಂಎಲ್ ಕೋಶವನ್ನೇ ಬದಲಿಸಿ. ಜೆನೆರೇಟ್ ಡಾಟ್ ಕನ್ಸಿಸ್ಟೆಂಟ್ ಡಾಟ್ ಐಡಿಸ್ ಎಂಬ ನಿಯತಾಂಕವನ್ನು 1 ಮಾಡಿದರೆ ಐಡಿಗಳು ಅಂಶದ ಸ್ಥಾನದಿಂದ ಹುಟ್ಟುತ್ತವೆ, ಮೂಲ ಬದಲಾಗದಿದ್ದರೆ ಅವೂ ಬದಲಾಗವು. ಆದರೆ ಮೇಲೆ ಹೊಸ ಪ್ಯಾರಾ ಸೇರಿದರೆ ಕೆಳಗಿನವೆಲ್ಲ ಸರಿಯುತ್ತವೆ. ಹೊರಗಿನವರು ಕೊಂಡಿ ಕೊಡುವ ಜಾಗಕ್ಕೆ ಕೈಯಾರೆ ಐಡಿ ಬರೆಯುವುದೊಂದೇ ಗಟ್ಟಿ ದಾರಿ. ಡಾಕ್‌ಬುಕ್ 5ರಲ್ಲಿ ಅದು ಎಕ್ಸ್‌ಎಂಎಲ್ ಕೋಲನ್ ಐಡಿ.

ವಿಭಾಗದ ಐಡಿಯನ್ನು ಬದಲಿಸುವುದು ಇದಕ್ಕಿಂತ ದೊಡ್ಡ ಕೆಲಸ. ಐಡಿಯೇ ಪುಟದ ಕಡತದ ಹೆಸರಾಗುವಂತೆ ಹೊಂದಿಸಿದ ಪುಸ್ತಕಗಳಲ್ಲಿ, ಪೋಸ್ಟ್‌ಗ್ರೆಸ್ ಅಂಥದ್ದೊಂದು, ವೆಬ್ ವಿಳಾಸವೇ ಬದಲಾಗುತ್ತದೆ. ಪುಸ್ತಕದೊಳಗಿನ ಝೋನ್, ಲಿಂಕೆಂಡ್ (ಒಳಕೊಂಡಿಯ ಗುರಿ) ಎಲ್ಲ ತಿದ್ದಿದರೂ ಹೊರಗಿನ ಕೊಂಡಿಗಳು ಮುರಿದೇ ಮುರಿಯುತ್ತವೆ. ಹೆಸರು ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಐಡಿ ಬದಲಿಸಬೇಡಿ.

ಪದಸೂಚಿ ಪೂರ್ತಿ ಖಾಲಿ, ಅಥವಾ ಕೆಲವು ಅಧ್ಯಾಯಗಳ ಪದಗಳೇ ಇಲ್ಲ.

ಪೂರ್ತಿ ಖಾಲಿಯಾದರೆ ಪುಸ್ತಕದ ಕೊನೆಯಲ್ಲಿ ಇಂಡೆಕ್ಸ್ ಟ್ಯಾಗ್ ಇದೆಯೇ, ಜೆನೆರೇಟ್ ಡಾಟ್ ಇಂಡೆಕ್ಸ್ 1 ಇದೆಯೇ ನೋಡಿ. ಇಂಡೆಕ್ಸ್ ಟ್ಯಾಗ್ ಒಳಗೆ ಯಾರಾದರೂ ಕೈಯಾರೆ ಇಂಡೆಕ್ಸ್‌ಎಂಟ್ರಿ ಬರೆದಿದ್ದರೆ ಸ್ಟೈಲ್‌ಶೀಟ್ ತಾನಾಗಿ ಏನನ್ನೂ ಸೇರಿಸುವುದಿಲ್ಲ. ಕೆಲವು ಅಧ್ಯಾಯ ಮಾತ್ರ ಬಿಟ್ಟುಹೋಗಿದ್ದರೆ, ಮತ್ತು ಆ ಪುಸ್ತಕ ಬೇರೆ ಕಡತಗಳನ್ನು ಒಳತರಲು ಎಕ್ಸ್‌ಇನ್‌ಕ್ಲೂಡ್ ಬಳಸುವುದಾದರೆ, ಸ್ಟೈಲ್‌ಶೀಟ್ ಓಡಿಸುವ ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ಗೆ ಎಕ್ಸ್‌ಇನ್‌ಕ್ಲೂಡ್ ಆಯ್ಕೆ ಕೊಟ್ಟಿಲ್ಲ ಎಂದರ್ಥ.

ಒಂದು ಕೊಂಡಿ ತಿದ್ದಲು ಯಾವ ಕ್ರಮದಲ್ಲಿ ಹೋಗಬೇಕು?

1. ಏನನ್ನೂ ಮುಟ್ಟುವ ಮೊದಲು ಮೇಕ್ ಎಚ್‌ಟಿಎಂಎಲ್ ಓಡಿಸಿ, ಬಂದ ಬುಕ್‌ಇಂಡೆಕ್ಸ್ ಪುಟವನ್ನು ಬೇರೆಡೆ ನಕಲಿಸಿಡಿ.
2. ತಪ್ಪು ಕೊಂಡಿಯ ವಿಳಾಸದಿಂದ ಗುರಿಯ ಐಡಿ ತಿಳಿದುಕೊಳ್ಳಿ. ಪ್ರೈಮರಿ ಪಠ್ಯವನ್ನು ಗಿಟ್ ಗ್ರೆಪ್ ಮಾಡಿ ಎಲ್ಲ ನಮೂದುಗಳನ್ನೂ ನೋಡಿ, ಒಂದನ್ನು ಕಂಡ ಕೂಡಲೇ ನಿಲ್ಲಬೇಡಿ.
3. ಝೋನ್, ಪಠ್ಯ, ಸ್ಥಾನ, ಯಾವುದು ತಪ್ಪೋ ಅದನ್ನು ತಿದ್ದಿ.
4. ಕೈಪಿಡಿಯ ಕೋಶದಲ್ಲಿ ಮೇಕ್ ಚೆಕ್ ಓಡಿಸಿ. ಇದು ಮುಖ್ಯವಾಗಿ ವ್ಯಾಕರಣ ಮತ್ತು ಐಡಿಗಳನ್ನು ನೋಡುತ್ತದೆ.
5. ಮತ್ತೆ ಮೇಕ್ ಎಚ್‌ಟಿಎಂಎಲ್. ಹಳೆಯ, ಹೊಸ ಸೂಚಿ ಪುಟಗಳನ್ನು ಎಕ್ಸ್‌ಎಂಎಲ್‌ಲಿಂಟ್‌ನ ಫಾರ್ಮ್ಯಾಟ್ ಆಯ್ಕೆಯಿಂದ ಸಾಲುಸಾಲಾಗಿ ಬಿಡಿಸಿ, ಡಿಫ್ ಮಾಡಿ.

ಐದನೆಯ ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಪದಸೂಚಿಯ ತಪ್ಪುಗಳಲ್ಲಿ ಹೆಚ್ಚಿನವು ಸಿಂಧುವಾದ ಎಕ್ಸ್‌ಎಂಎಲ್. ನಾಲ್ಕನೆಯ ಹೆಜ್ಜೆ ದಾಟಿದೆ ಎಂದರೆ ಕೊಂಡಿ ಸರಿಯಾಗಿದೆ ಎಂದಲ್ಲ. ಡಿಫ್‌ನಲ್ಲಿ ನೀವು ಮುಟ್ಟದ ಪದವೊಂದು ಕಂಡರೆ, ನಿಮ್ಮ ತಿದ್ದುಪಡಿ ಯಾವುದೋ ಸೀ ಟ್ಯಾಗನ್ನು ಅನಾಥ ಮಾಡಿದೆ ಅಥವಾ ಗುಂಪೊಂದನ್ನು ಒಡೆದಿದೆ. ಅಕ್ಷರಗಳ ತಿದ್ದುಪಡಿ ಒಂದು ಕಮಿಟ್, ಝೋನ್ ತಿದ್ದುಪಡಿ ಇನ್ನೊಂದು ಕಮಿಟ್ ಎಂದು ಬೇರ್ಪಡಿಸಿದರೆ ಈ ಡಿಫ್ ಓದುವುದು ಸುಲಭ.

ಕೈಪಿಡಿಯನ್ನು ಕನ್ನಡಕ್ಕೆ ತರುವಾಗ ಪದಸೂಚಿ ಹೇಗೆ ನಡೆದುಕೊಳ್ಳುತ್ತದೆ?

ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ಇಂಗ್ಲಿಷ್ ಮೂಲದಲ್ಲಿ ಸರಿಯಿದ್ದ ಸೂಚಿ ಅನುವಾದದಲ್ಲಿ ಕೆಡುವ ದಾರಿಗಳು ಹಲವು.

ಐಡಿ, ಝೋನ್, ಸ್ಟಾರ್ಟ್‌ರೆಫ್ ಇವನ್ನು ಎಂದೂ ಅನುವಾದಿಸಬಾರದು. ಪಿಒ4ಎ, ಐಟಿಎಸ್‌ಟೂಲ್‌ನಂಥ ಸಾಧನಗಳು ಪಠ್ಯವನ್ನಷ್ಟೇ ಹೊರತೆಗೆಯುವುದರಿಂದ ಅಲ್ಲಿ ಅಪಾಯ ಕಡಿಮೆ, ಕಡತವನ್ನು ನೇರ ತಿದ್ದುವವರು ಎಚ್ಚರ ವಹಿಸಬೇಕು. ಪ್ರೈಮರಿ ಪಠ್ಯವನ್ನು ಒಬ್ಬರು, ಅದನ್ನು ತೋರಿಸುವ ಸೀ ಪಠ್ಯವನ್ನು ಇನ್ನೊಬ್ಬರು ಅನುವಾದಿಸಿ ಪದಗಳು ಬೇರೆಯಾದರೆ ಅಡ್ಡ ಉಲ್ಲೇಖ ಸತ್ತಂತೆ. ಅನುವಾದ ಶುರುವಾಗುವ ಮೊದಲೇ ಸೂಚಿ ಪದಗಳ ಪಟ್ಟಿಯೊಂದನ್ನು ಒಪ್ಪಿಕೊಳ್ಳಿ.

ಎರಡನೆಯದು ಯೂನಿಕೋಡ್. ಸಾಫ್ಟ್‌ವೇರ್ ಎಂಬ ಪದದಲ್ಲಿ ಟ್ ಆದ ಮೇಲೆ ವೇ ಒತ್ತಾಗದಂತೆ ತಡೆಯಲು ಝೀರೋ ವಿಡ್ತ್ ನಾನ್-ಜಾಯ್ನರ್ ಹಾಕುತ್ತೇವೆ. ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಎರಡು ನಮೂದು. ಓ ಸ್ವರಚಿಹ್ನೆಯನ್ನು ಒಂದೇ ಸಂಕೇತಬಿಂದುವಾಗಿ ಬರೆಯಬಹುದು, ಬಿಡಿ ಭಾಗಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ. ಎಲ್ಲ ಕಡತಗಳನ್ನೂ ಎನ್‌ಎಫ್‌ಸಿ ಎಂಬ, ಬಿಡಿ ಭಾಗಗಳನ್ನು ಕೂಡಿಸಿ ಬರೆಯುವ ಯೂನಿಕೋಡ್ ರೂಪಕ್ಕೆ ತಂದರೆ ಎರಡನೆಯ ತೊಂದರೆ ಹೋಗುತ್ತದೆ. ನಾನ್-ಜಾಯ್ನರ್ ತೊಂದರೆ ಎನ್‌ಎಫ್‌ಸಿಯಿಂದ ಹೋಗುವುದಿಲ್ಲ, ಅದಕ್ಕೆ ಪದಪಟ್ಟಿಯೇ ಮದ್ದು.

ಮೂರನೆಯದು ಅಕಾರಾದಿ. ಡಾಕ್‌ಬುಕ್ ಸ್ಟೈಲ್‌ಶೀಟಿನ ಪೂರ್ವನಿಯೋಜಿತ ಬೇಸಿಕ್ ವಿಧಾನ ಗುಂಪು ಮಾಡುವುದು ಲ್ಯಾಟಿನ್ ಅಕ್ಷರಗಳಿಂದ ಮಾತ್ರ. ಕನ್ನಡ ಪದಗಳೆಲ್ಲ ಚಿಹ್ನೆಗಳ ಗುಂಪಿಗೆ ಸೇರಿಬಿಡುತ್ತವೆ. ಇಂಡೆಕ್ಸ್ ಡಾಟ್ ಮೆಥಡ್ ಅನ್ನು ಕೊಸೆಕ್ ಎಂದು ಬದಲಿಸಿ, ನಿಮ್ಮ ಸ್ವಂತ ಸ್ಟೈಲ್‌ಶೀಟಿನಲ್ಲಿ ಆಟೋಐಡಿಎಕ್ಸ್-ಕೊಸೆಕ್ ಕಡತವನ್ನು ಸೇರಿಸಿಕೊಳ್ಳಬೇಕು. ಎರಡನ್ನೂ ಮಾಡಬೇಕು, ಬರಿ ನಿಯತಾಂಕ ಬದಲಿಸಿದರೆ ಸಾಲದು. ಗುಂಪುಗಳ ಅಕ್ಷರಪಟ್ಟಿ ಭಾಷೆಯ ಲೊಕೇಲ್ ಕಡತದಿಂದ ಬರುತ್ತದೆ. ಅಲ್ಲಿ ಅ ಇಂದ ಳ ವರೆಗಿನ ಕ್ರಮ ಇದೆಯೇ ಎಂದು ತೆರೆದು ನೋಡಿ, ಇಲ್ಲದಿದ್ದರೆ ನಿಮ್ಮ ಸ್ಟೈಲ್‌ಶೀಟಿನಲ್ಲೇ ತುಂಬಿ. ಈ ವಿಧಾನವನ್ನು ಎಲ್ಲ ಎಕ್ಸ್‌ಎಸ್‌ಎಲ್‌ಟಿ ಸಾಧನಗಳೂ ಬೆಂಬಲಿಸುವುದಿಲ್ಲ, ಮೊದಲು ಚಿಕ್ಕ ಕಡತದ ಮೇಲೆ ಪರೀಕ್ಷಿಸಿ.

ನಮ್ಮ ಕೈಪಿಡಿ ಸ್ಫಿಂಕ್ಸ್ ಎಂಬ ಬೇರೊಂದು ಕೈಪಿಡಿ ತಯಾರಿಕಾ ಸಾಧನದಲ್ಲಿದೆ. ಅಲ್ಲೂ ಇದೇ ತೊಂದರೆಗಳೆ?

ಕೆಲವು ಮಾತ್ರ. ಅಲ್ಲಿ ಝೋನ್ ಇಲ್ಲ, ಇಂಡೆಕ್ಸ್ ನಿರ್ದೇಶನ ಎಲ್ಲಿದೆಯೋ ಕೊಂಡಿ ಅಲ್ಲಿಗೇ ಹೋಗುತ್ತದೆ. ಅದನ್ನು ತಲೆಬರಹದ ಕೆಳಗೆ ಬರೆದರೆ ಪುಟ ಇಳಿದಾಗ ತಲೆಬರಹ ಪರದೆಯಿಂದ ಮೇಲೆ ಸರಿದಿರುತ್ತದೆ, ಆದ್ದರಿಂದ ತಲೆಬರಹದ ಮೇಲೆ ಬರೆಯಿರಿ. ಸಿಂಗಲ್ ಬಗೆಯ ನಮೂದಿನಲ್ಲಿ ಮುಖ್ಯಪದ, ಉಪಪದಗಳ ನಡುವೆ ಅರ್ಧವಿರಾಮ ಬೇಕು. ಪೇರ್ ಬಗೆ ಎರಡೂ ದಿಕ್ಕಿನ ನಮೂದು ಹುಟ್ಟಿಸುತ್ತದೆ. ಅಲ್ಲಿ ತಾನಾಗಿ ಹುಟ್ಟುವ ಐಡಿಗಳು ಇಂಡೆಕ್ಸ್-0, ಇಂಡೆಕ್ಸ್-1 ಎಂದು ಸಾಗುವುದರಿಂದ ಮೇಲೊಂದು ನಮೂದು ಸೇರಿದರೆ ಕೆಳಗಿನವು ಬದಲಾಗುತ್ತವೆ. ಹೊರಗಿನಿಂದ ಕೊಂಡಿ ಕೊಡಲು ಅವನ್ನು ಬಳಸಬೇಡಿ, ಬೇಕಾದ ಜಾಗಕ್ಕೆ ಹೆಸರಿಟ್ಟ ಲೇಬಲ್ ಹಾಕಿ.